ಮಾವನ ಮೂಗಿನ ರಾಕ್ಷಸ

ನನ್ನ ಮೊದಲ ಒಳ್ಳೆಯ ರಾಕ್ಷಸನ ಮೂಗು ನನ್ನ ಸೋದರಮಾವನದು. ಕೇಳಿ ತೆಗೆದುಕೊಂಡದ್ದಲ್ಲ. ಇಚಲಕರಂಜಿಯ ಅವನ ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಅದು ಎದುರಿಗೇ ಇರುತ್ತಿತ್ತು. ರೊಟ್ಟಿ ಮುರಿಯುತ್ತ ಮುರಿಯುತ್ತ ಕಣ್ಣಲ್ಲೇ ಅಳತೆ ತೆಗೆದುಕೊಂಡೆ. ಬುಡದಲ್ಲಿ ಸಣ್ಣದು, ನಡುವೆ ಒಂದು ದಿಬ್ಬ, ತುದಿಗೆ ಬರುವಷ್ಟರಲ್ಲಿ ತಾನು ಯಾವ ಮುಖಕ್ಕೆ ಸೇರಿದ್ದೆಂಬುದನ್ನೇ ಮರೆತು ಎಡಕ್ಕೆ ಹೊರಳಿಬಿಟ್ಟ ಮೂಗು. ಅಂಥದ್ದೊಂದು ಮನುಷ್ಯನ ಮುಖದ ಮೇಲೆ ಸುಮ್ಮನೆ ಕೂತು ಹಾಳಾಗುವುದು ನನಗೆ ಸರಿ ಕಾಣಲಿಲ್ಲ. ಹಾಗಂತ ನಾನು ಮಾವನನ್ನಷ್ಟೇ ದೋಚಿದೆ ಅನ್ನಬೇಡಿ. ನನ್ನ ಕಿವಿಗಳನ್ನು ಅದಕ್ಕೂ ಮೊದಲೇ ನಾನು ಬರೆದ ಒಂದು ಬಾವಲಿಗೆ ಕೊಟ್ಟಾಗಿತ್ತು. ನನಗಿಂತ ಅದಕ್ಕೇ ಹೆಚ್ಚು ಒಪ್ಪುತ್ತಿದ್ದವು.

ಇಲ್ಲದ ಪ್ರಾಣಿಗಳನ್ನು ಕಲ್ಪಿಸಿ ಚಿತ್ರ ಬರೆಯುವುದು, ಆಮೇಲೆ ಬಿದಿರು, ಬಟ್ಟೆ, ಕಾಗದದಲ್ಲಿ ಕಟ್ಟಿ ನಿಲ್ಲಿಸುವುದು ನನ್ನ ಕಸಬು. ಕಸಬು ಅಂತ ಈಗ ಗತ್ತಿನಿಂದ ಹೇಳುತ್ತೇನೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಆ ಕಾಲಕ್ಕೆ ನಮ್ಮ ಮನೆಯಲ್ಲಿ ಅದಕ್ಕಿದ್ದ ಹೆಸರು ಮಂಗ್ಯಾನಾಟ.

ನಾನು ಹುಟ್ಟಿ ಬೆಳೆದದ್ದು ಗಡಹಿಂಗ್ಲಜದಲ್ಲಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಬೀದಿಯಲ್ಲಿ ಯಾವುದರಲ್ಲಿ ಮೊದಲು ನಗು ಬರುತ್ತದೋ ಅದು. ಎಸ್‌ಟಿ ಬಸ್ ಸ್ಟ್ಯಾಂಡೇ ನನ್ನ ನಿಜವಾದ ಶಾಲೆ. ಅಲ್ಲೊಬ್ಬ ಕಂಡಕ್ಟರ್ ಇದ್ದ. ಬಸ್ಸಿನ ಸೀಟುಗಳ ನಡುವೆ ಅಡ್ಡಡ್ಡ ಸರಿದಾಡಿ ಸರಿದಾಡಿ, ಕೆಳಗಿಳಿದ ಮೇಲೂ ಬಯಲಿನಲ್ಲಿ ಏಡಿಯ ಹಾಗೆ ಅಡ್ಡಡ್ಡವೇ ನಡೆಯುತ್ತಿದ್ದ. ಬೆಲ್ಲದ ವ್ಯಾಪಾರಿಯೊಬ್ಬರ ಹೊಟ್ಟೆ ಮೊದಲು ಬರುತ್ತಿತ್ತು, ಅವರು ಸ್ವಲ್ಪ ತಡವಾಗಿ ಬರುತ್ತಿದ್ದರು. ಇವರನ್ನೆಲ್ಲ ನಾನು ಸಂಜೆ ಮನೆಗೆ ತರುತ್ತಿದ್ದೆ.

"ಮನಿಗೆ ಬಂದವ್ರಿಗೆ ಮೊದ್ಲ ನೀರ ಕೊಡಬೇಕೋ, ಅವರದ ನಕಲಿ ಮಾಡಿ ತೋರಸಬಾರದು!" ಎಂದು ಅವ್ವ ಬೈಯುತ್ತಿದ್ದಳು. ನಾನು ನೀರು ಕೊಡುತ್ತಿದ್ದೆ. ಬಂದವರು ಹೇಗೆ ತಂಬಿಗೆ ಹಿಡಿಯುತ್ತಾರೋ ಹಾಗೆಯೇ ಹಿಡಿದು ಕೊಡುತ್ತಿದ್ದೆ.

ಒಂದು ದಿನ ಶಾಲೆಯಲ್ಲಿ ಹೆಡ್‌ಮಾಸ್ತರರ ನಡಿಗೆಗೆ ನಮ್ಮ ಮನೆಯ ಎಮ್ಮೆ ಮೆಲುಕು ಹಾಕುವುದನ್ನು ಜೋಡಿಸಿದೆ. ಯಾಕೆ ಹೊಳೆಯಿತೋ ಗೊತ್ತಿಲ್ಲ. ಎರಡೂ ಸೇರಿದಾಗ ಮೂರನೆಯದೊಂದು ಎದ್ದು ಬಂತು. ಅದು ಹೆಡ್‌ಮಾಸ್ತರರೂ ಅಲ್ಲ, ಎಮ್ಮೆಯೂ ಅಲ್ಲ. ಎಲ್ಲಿಯೂ ಇಲ್ಲದ, ಆದರೆ ಎಲ್ಲರಿಗೂ ಎಲ್ಲೋ ನೋಡಿದ ಹಾಗನ್ನಿಸುವ ಒಂದು ಜೀವ. ಅದು ಬೆಂಚುಗಳ ನಡುವೆ ದವಡೆ ಆಡಿಸುತ್ತ ಓಡಾಡಿತು. ಹುಡುಗರು ಹೊಟ್ಟೆ ಹಿಡಿದುಕೊಂಡು ಬಿದ್ದರು. ಬಾಗಿಲಲ್ಲಿ ಹೆಡ್‌ಮಾಸ್ತರರು ನಿಂತದ್ದು ನನ್ನೊಬ್ಬನಿಗೆ ಮಾತ್ರ ಕಾಣಲಿಲ್ಲ. "ಇನ್ನು ಮುಂದೆ ಬಾಯಿ, ಕಾಲು ಎರಡೂ ಬಂದ್," ಎಂದು ಅವರು ತೀರ್ಪು ಕೊಟ್ಟರು. ಕೈಯ ಬಗ್ಗೆ ಏನೂ ಹೇಳಲಿಲ್ಲ. ಅವತ್ತಿನಿಂದ ನಾನು ಚಿತ್ರ ಬರೆಯಲು ಶುರು ಮಾಡಿದೆ.

ಬರೆದದ್ದು ನನ್ನನ್ನು ಕೊಲ್ಲಾಪುರಕ್ಕೆ ಎಳೆದುಕೊಂಡು ಹೋಯಿತು. ಅಲ್ಲಿ ಪೌರಾಣಿಕ ಸಿನಿಮಾಗಳಿಗೆ ಪರದೆ, ಕಿರೀಟ, ಮುಖವಾಡ ಮಾಡಿಕೊಡುವ ಒಬ್ಬ ಪೇಂಟರ್ ಇದ್ದರು. ಎಲ್ಲರೂ ಅವರನ್ನು ಮಾಸ್ತರ್ ಅನ್ನುತ್ತಿದ್ದರು. ಒಂದು ಹಳೆಯ ತಗಡಿನ ಶೆಡ್ಡು, ಅದರ ತುಂಬ ತಲೆಯಿಲ್ಲದ ದೇವರು, ದೇವರಿಲ್ಲದ ತಲೆಗಳು. ನನ್ನ ಕೈ ನೋಡಿ ಮಾಸ್ತರರು ನನ್ನನ್ನು ಇಟ್ಟುಕೊಂಡರು. ಮೋಡ, ಬಂಡೆ, ಅಶೋಕವನದ ಗಿಡಗಳನ್ನು ಬರೆಯುವುದು ನನ್ನ ಕೆಲಸ. ಬಿಡುವು ಸಿಕ್ಕಾಗ ರಾಕ್ಷಸರು.

ಬೆಳಿಗ್ಗೆ ಎದ್ದ ಕೂಡಲೇ ಹಾಲಿನ ಕಟ್ಟೆಗೆ ಹೋಗುತ್ತಿದ್ದೆ. ಕೊಲ್ಲಾಪುರದಲ್ಲಿ ಗೌಳಿಗರು ಎಮ್ಮೆಯನ್ನು ಬೀದಿಗೇ ತಂದು ನಿಲ್ಲಿಸಿ, ಕರೆದ ಬಿಸಿ ಹಾಲನ್ನು ಅಲ್ಲಿಯೇ ಕುಡಿಸುತ್ತಾರೆ. ತಾಲೀಮಿನಿಂದ ಬಂದ ಪೈಲ್ವಾನರು ಮೈಗೆ ಹತ್ತಿದ ಕೆಂಪುಮಣ್ಣಿನ ಸಮೇತ ಸಾಲಾಗಿ ನಿಂತು, ಗುಟುಗುಟು ಕುಡಿದು, ಮೀಸೆಯ ನೊರೆ ಒರೆಸಿಕೊಳ್ಳುತ್ತಿದ್ದರು. ಒಂದು ಕಡೆ ಕುಸ್ತಿಯಲ್ಲಿ ಜಜ್ಜಿ ಮುದುಡಿದ ಕಿವಿಗಳು, ಇನ್ನೊಂದು ಕಡೆ ಎಮ್ಮೆಗಳ ಕಣ್ಣು. ಎಮ್ಮೆ ನಿಮ್ಮನ್ನು ಸುಮ್ಮನೆ ನೋಡುತ್ತದೆ. ಬೇರೆ ಪ್ರಾಣಿಗಳ ಹಾಗೆ ಅಂಜುವುದೂ ಇಲ್ಲ, ಸಿಟ್ಟಾಗುವುದೂ ಇಲ್ಲ. ನೀವು ಯಾಕೆ ಇದ್ದೀರಿ ಅನ್ನುವುದನ್ನು ನೀವೇ ಹೇಳಬೇಕು ಅನ್ನುವಂತೆ ನೋಡುತ್ತದೆ. ನಾನೂ ಹಾಗೇ ನೋಡುವುದನ್ನು ಕಲಿತು ಮಾಸ್ತರರನ್ನು ನೋಡಿದೆ. ಅವರು ಕುಂಚ ಎಸೆದರು.

ಒಂದು ಪ್ರಾಣಿಯನ್ನು ಬರೆಯುವ ಮೊದಲು ನಾನು ಅದಾಗಿ ಶೆಡ್ಡಿನ ತುಂಬ ತಿರುಗುತ್ತಿದ್ದೆ. ಹೇಗೆ ಏಳುತ್ತದೆ, ಹೇಗೆ ಕೂರುತ್ತದೆ, ಮುಖ್ಯವಾಗಿ ಎಲ್ಲಿ ತುರಿಸುತ್ತದೆ. ತುರಿಕೆ ಗೊತ್ತಾಗದೆ ಯಾವ ಪ್ರಾಣಿಯನ್ನೂ ಬರೆಯಬಾರದು ಎಂದು ಈಗಲೂ ನಂಬಿದ್ದೇನೆ. ಬೆನ್ನಿಗೆ ಕೈ ಮುಟ್ಟುವುದಿಲ್ಲವೋ, ಅದಕ್ಕೆ ಉಜ್ಜಿಕೊಳ್ಳಲು ಮರ ಬೇಕು. ಮರ ಬೇಕೆಂದರೆ ಅದು ಕಾಡಿನದು. ಕಾಡಿನದಾದರೆ ಕಿವಿ ದೊಡ್ಡದು, ಹೆಜ್ಜೆ ಮೆತ್ತಗೆ. ಹೀಗೆ ಒಂದು ತುರಿಕೆಯಿಂದ ಇಡೀ ರಾಕ್ಷಸ ಹುಟ್ಟಿ ಬರುತ್ತಿದ್ದ. ಬೆನ್ನನ್ನು ಕಂಬಕ್ಕೆ ಉಜ್ಜುತ್ತ ನಾನು ಗುರುಗುಡುವುದನ್ನು ನೋಡಿದ ಚಹಾದವನು ನಾಲ್ಕು ಅಂಗಡಿಗಳಿಗೆ ಸುದ್ದಿ ಹಬ್ಬಿಸಿದ್ದ.

ಇಷ್ಟೆಲ್ಲ ಚೆನ್ನಾಗಿತ್ತು. ತೊಂದರೆ ಒಂದೇ. ನನ್ನ ರಾಕ್ಷಸರನ್ನು ನೋಡಿದವರೆಲ್ಲ ನಗುತ್ತಿದ್ದರು.

ಹೊಸ ಸಿನಿಮಾ ಒಂದಕ್ಕೆ ಗುಹೆಯೊಳಗಿನ ಪ್ರಾಣಿ ಬೇಕಾಗಿತ್ತು. ಹಗಲಿಡೀ ಗುರುಗುಟ್ಟಿ, ಕುಣಿದು, ತುರಿಸಿಕೊಂಡು ನಾನೊಂದು ಚಿತ್ರ ಬರೆದು ಮಾಸ್ತರರ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡರು. ತೆಗೆದರು. ಆಮೇಲೆ ಕೆಮ್ಮು ಬರುವ ತನಕ ನಕ್ಕರು.

"ಛಾನ್ ಆಹೇ ರೇ," ಅಂದರು ಕಣ್ಣು ಒರೆಸಿಕೊಳ್ಳುತ್ತ, "ಪಣ್ ಹ್ಯಾಲಾ ಕೋಣ್ ಘಾಬರ್‌ಣಾರ್?" ಚೆನ್ನಾಗಿದೆ ಕಣೋ, ಆದರೆ ಇದಕ್ಕೆ ಯಾರು ಹೆದರುತ್ತಾರೆ?

"ಮಾಸ್ತರ, ಹಲ್ಲ ನೋಡ್ರಿ, ಎಷ್ಟ ಉದ್ದ ಅದಾವ!"

"ಹಲ್ಲು ಉದ್ದ ಇದ್ದರೆ ರಾಕ್ಷಸನೇ? ನಮ್ಮ ಚಿಕ್ಕವ್ವನಿಗೂ ಇವೆ," ಎಂದರು ಮರಾಠಿಯಲ್ಲಿ. ಆಮೇಲೆ ಅವರ ಮುಖ ಗಂಭೀರವಾಯಿತು. "ನೀನು ನಗಿಸುವವನು. ನಗಿಸುವವನ ಕೈಯಲ್ಲಿ ಭಯ ಹುಟ್ಟುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಗಣಪತಿ ಮುಗಿಯುವುದರೊಳಗೆ ಒಬ್ಬನನ್ನು ಹೆದರಿಸಿ ಬಾ. ಒಬ್ಬನೇ ಸಾಕು. ಈ ಗುಹೆ ಪ್ರಾಣಿ ನಿನ್ನದು. ಇಲ್ಲದಿದ್ದರೆ ಬೇರೆ ಯಾರನ್ನಾದರೂ ನೋಡುತ್ತೇನೆ."

ಇತ್ತ ಇಚಲಕರಂಜಿಯಲ್ಲಿ ಮಾವ ನನಗಾಗಿ ಒಂದು ಮಗ್ಗ ಖಾಲಿ ಇಟ್ಟುಕೊಂಡು ಕಾಯುತ್ತಿದ್ದ. ಅವನದು ಕರೆಂಟಿನ ಮಗ್ಗಗಳ, ಅವನ ಮಾತಿನಲ್ಲಿ ಮಾಗಗಳ, ಸಣ್ಣ ಶೆಡ್ಡು, ಮನೆಗೆ ಅಂಟಿಕೊಂಡೇ ಇತ್ತು. ನೇಯ್ಗೆ ಅಂದರೆ ದುಡಿಮೆ, ಬಣ್ಣ ಅಂದರೆ ಹೋಳಿ, ಇದು ಅವನ ಲೆಕ್ಕ. ಗಣಪತಿ ಹತ್ತಿರ ಬಂದಾಗ ನಾನೂ ಅವ್ವನೂ ಅಲ್ಲಿಗೆ ಹೋಗಿದ್ದೆವು. ಅವ್ವನ ಎದುರಿಗೇ ನನ್ನನ್ನು ಕೂರಿಸಿಕೊಂಡ.

"ಏನೋ ಕಲಾವಂತಾ, ಇನ್ನೂ ಎಷ್ಟ ದಿನಾ ಮೋಡಾ ಬರೀತಿ? ಮಳಿನೂ ಬರಾಂಗಿಲ್ಲ ಅದರಿಂದ."

ನಾನು ಮಾಸ್ತರರ ಮಾತು ಹೇಳಿದೆ. ಮಾವ ಮೂಗಿನ ದಿಬ್ಬದ ಮೇಲೆ ಬೆರಳಿಟ್ಟು ಯೋಚಿಸಿದ. ಆ ವರ್ಷ ಅವನ ಗಲ್ಲಿಯ ಗಣಪತಿ ಮಂಡಳದ ಹಿರಿತನ ಅವನದೇ. ಮಂಡಳಕ್ಕೊಂದು ದೇಖಾವೆ, ಅಂದರೆ ಗಣಪತಿಯ ಮುಂದೆ ಆಡಿಸುವ ಗೊಂಬೆಯಾಟದಂಥ ದೃಶ್ಯ ಬೇಕಿತ್ತು.

"ಹಂಗಾರ ಕೇಳು. ನಮ್ಮ ಗಲ್ಲಿಗೆ ರಾಕ್ಷಸನ್ನ ಕಟ್ಟು. ಗಣಪ್ಪ ಅವನ ಸೊಕ್ಕ ಇಳಸೂ ದೇಖಾವಾ. ನಾ ಮುಂದಿನ ಖುರ್ಚ್ಯಾಗ ಕುಂದರ್ತೇನಿ. ನಾ ಅಂಜಿದ್ನೆಂದ್ರ ನೀ ಕೊಲ್ಲಾಪುರಕ್ಕ ಹೋಗು, ಮತ್ತ ನಿನ್ನ ಕೇಳಾಂಗಿಲ್ಲ. ಅಂಜಲಿಲ್ಲಂದ್ರ, ಗಣಪ್ಪನ್ನ ಕಳಿಸಿದ ಮರುದಿನ ಮಾಗಕ್ಕ ನಿಂದರಬೇಕು."

"ಮಾವಾ, ನೀ ಯಾವುದಕ್ಕ ಅಂಜ್ತಿ?"

"ಅದನ್ನ ಹೇಳಿದ್ರ ಮತ್ತ ಪಂಥ ಏನ್ ಬಂತೋ!"

ಒಳಗಿನಿಂದ ಅತ್ತೆ ಹೇಳಿದಳು: "ಯಾವುದಕ್ಕೂ ಅಂಜಾಂಗಿಲ್ಲ ಆ ಮನಷ್ಯಾ. ನಾ ಇಷ್ಟ ವರ್ಷ ಪ್ರಯತ್ನ ಮಾಡೇನಿ."

ಮಾವನ ಶೆಡ್ಡಿನ ಹಿಂದೆ ತುಕ್ಕು ಹಿಡಿದ ಒಂದು ಹಳೆಯ ಮಗ್ಗ ಬಿದ್ದಿತ್ತು. ಅದನ್ನೇ ರಾಕ್ಷಸನ ಹೊಟ್ಟೆಯೊಳಗೆ ಇಟ್ಟೆ. ಮಗ್ಗ ರಿಪೇರಿ ಮಾಡುವವನಿಗೆ ಆ ಊರಲ್ಲಿ ಜಾಬರ ಅನ್ನುತ್ತಾರೆ. ಮಾವನ ಶೆಡ್ಡಿನ ಜಾಬರ ಬಂದು ಮೋಟಾರು ಕೂರಿಸಿದ. ಮಗ್ಗ ಹಿಂದೆ ಮುಂದೆ ಆಡಿದಂತೆ ರಾಕ್ಷಸನ ಎದೆ ಉಬ್ಬಿ ಇಳಿಯಬೇಕು, ಲಾಳಿಯನ್ನು ಹೊಡೆಯುವ ಕೋಲುಗಳು ಎರಡೂ ತೋಳುಗಳನ್ನು ಎತ್ತಿ ಇಳಿಸಬೇಕು. ಮೈಗೆ ಕರಿ ಉಣ್ಣೆ ಬೇಕೆಂದು ಸುಳಕೂಡದ ಕಡೆಯ ಕುರುಬರ ಹತ್ತಿರ ಹೋದೆ. ಕುರುಬಜ್ಜ ಕಂಬಳಿಯ ರಾಶಿಯ ಮೇಲೆ ಕೂತಿದ್ದ.

"ಯಾರಿಗಪಾ ಇಷ್ಟೊಂದು?"

"ರಾಕ್ಷಸಗ, ಅಜ್ಜಾ."

ಅವನಿಗೆ ಏನೂ ಅನ್ನಿಸಲಿಲ್ಲ. "ಚಳಿ ಭಾಳ ಆಗತೈತೇನು ಅವಗ?" ಅಂದ. "ಹೊಸಾದ ಕಂಬಳಿ ಚುಚ್ಚತಾವು. ಹಳೇದ ಒಯ್ಯಿ, ಮೆತ್ತಗಿರತಾವು. ಪಾಪ, ಮೈ ಕಡದೀತು ಅವಂದು."

ತುರಿಕೆಯ ಬಗ್ಗೆ ನನ್ನಷ್ಟೇ ಕಾಳಜಿ ಇದ್ದ ಇನ್ನೊಬ್ಬ ಮನುಷ್ಯನನ್ನು ನಾನು ಆವರೆಗೆ ನೋಡಿರಲಿಲ್ಲ. ಹಳೆಯವನ್ನೇ ತಂದೆ.

ಎಮ್ಮೆಯ ಹೆಗಲು, ಪೈಲ್ವಾನನ ಮುದುಡು ಕಿವಿ, ಬಾಯಿ ತುಂಬ ಕೋರೆಹಲ್ಲು, ಗಿರಗಿರ ತಿರುಗುವ ಕೆಂಪು ಬಲ್ಬಿನ ಕಣ್ಣು. ಮುಖದ ನಡುವೆ ಜಾಗ ಖಾಲಿ ಉಳಿದಿತ್ತು. ಏನೇನೋ ಮೂಗು ಮಾಡಿ ನೋಡಿದೆ, ಯಾವುದೂ ಕೂರಲಿಲ್ಲ. ಅಷ್ಟರಲ್ಲಿ ಮಾವ ಬಾಗಿಲಲ್ಲಿ ನಿಂತು, "ಮುಗೀತೇನೋ?" ಅಂದ. ಅವನ ಮುಖದ ಮೇಲೆ ಪಕ್ಕದಿಂದ ಬೆಳಕು ಬಿದ್ದಿತ್ತು. ಮುಗಿದೇಬಿಟ್ಟಿತು.

ಗಣಪತಿ ಕೂತು, ಗೌರಿ ಬಂದ ಮೇಲೆ ದೇಖಾವೆ ಶುರುವಾಯಿತು. ಆ ಗಲ್ಲಿಯ ಒಂದು ಪದ್ಧತಿ ಹೇಳಬೇಕು. ಸಂಜೆಯ ಆರತಿಯಿಂದ ದೇಖಾವೆ ಮುಗಿಯುವ ತನಕ ಗಲ್ಲಿಯ ಮಗ್ಗಗಳೆಲ್ಲ ಬಂದ್. ಹಗಲೂ ರಾತ್ರಿ ಖಟಕ್-ಫಟಕ್ ಅನ್ನುವ ಗಲ್ಲಿ ಆ ಹೊತ್ತಿಗೆ ಗಣಪತಿಗಾಗಿ ಉಸಿರು ಹಿಡಿದುಕೊಳ್ಳುತ್ತಿತ್ತು. ಜನ ತಲೆ ಬಾಚಿಕೊಂಡು, ಕೂದಲಿಗೆ ಹತ್ತಿದ ಹತ್ತಿಯ ನವಿರು ಒರೆಸಿಕೊಂಡು ಬಂದು ಕೂತರು. ಮಾವ ಮುಂದಿನ ಕುರ್ಚಿಯಲ್ಲಿ, ಪಕ್ಕದಲ್ಲಿ ಅತ್ತೆ. ನಾನು ರಾಕ್ಷಸನ ಹೊಟ್ಟೆಯೊಳಗೆ, ಮಗ್ಗದ ಹಿಡಿಕೆ ಹಿಡಿದು, ಹೊಕ್ಕುಳಲ್ಲಿ ಕೊರೆದ ತೂತಿಗೆ ಕಣ್ಣಿಟ್ಟು ಕೂತಿದ್ದೆ.

ಪರದೆ ಸರಿಯಿತು. ಮೋಟಾರು ಹಾಕಿದೆ. ಖಟಕ್-ಫಟಕ್, ಖಟಕ್-ಫಟಕ್. ಎದೆ ಉಬ್ಬಿತು, ತೋಳು ಎದ್ದಿತು, ಕಣ್ಣು ತಿರುಗಿತು. ಈಗ ಚೀರುತ್ತಾರೆ ಅಂದುಕೊಂಡೆ.

ಯಾರೂ ರಾಕ್ಷಸನ ಮುಖ ನೋಡಲಿಲ್ಲ. ಎಲ್ಲರೂ ಕತ್ತು ಓರೆ ಮಾಡಿ ಕಿವಿ ಕೊಟ್ಟು ಕೂತಿದ್ದರು, ವೈದ್ಯರು ಎದೆಬಡಿತ ಕೇಳುವ ಹಾಗೆ.

"ಬಲಗಡೆ ಕೋಲು ಸ್ವಲ್ಪ ಸಡ್ಲ ಆಗೇತಿ," ಅಂದ ಒಬ್ಬ.

"ಹೌದ್ರಿ. ಲಾಳಿ ಒಗದ್ರ ಹೊರಗ ಬೀಳತೈತಿ."

"ಅಹೋ, ತೇಲ್ ಘಾಲಾ ತೇಲ್!" ಎಂದು ಹಿಂದಿನಿಂದ ಮರಾಠಿಯಲ್ಲಿ ಒಬ್ಬ ಕೂಗಿದ. "ಎಣ್ಣಿ ಹಾಕ್ರಿ ರಾಕ್ಷಸಗ, ಕುತ್ತಿಗಿ ಕಿರ್ ಅನ್ನಾಕತ್ತೇತಿ!"

ಮುಂದಿನ ಸಾಲಿನ ಒಬ್ಬ ಅಂತೂ ತಡೆಯಲಾರದೆ ಎದ್ದು ಬಂದು, ಉಣ್ಣೆಯೊಳಗೆ ಕೈ ತೂರಿಸಿ, ಹೊಟ್ಟೆಯ ಒಂದು ನಟ್ಟು ಬಿಗಿ ಮಾಡಿ ಹೋಗಿ ಕೂತ. ನನ್ನ ಮೊಣಕಾಲೂ ಸೇರಿ ಬಿಗಿಯಾಯಿತು. ಅಷ್ಟು ಹೊತ್ತಿಗೆ ಯಾರೋ ಮೂಗನ್ನು ಗುರುತಿಸಿದರು. ಮೊದಲು ಹೆಂಗಸರ ಕಡೆ ಪಿಸಪಿಸ, ಆಮೇಲೆ ಇಡೀ ಗಲ್ಲಿ ಒಮ್ಮೆ ರಾಕ್ಷಸನನ್ನು, ಒಮ್ಮೆ ಮಾವನನ್ನು ನೋಡಿ ಗೊಳ್ಳೆಂದಿತು. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅವಳ ಹೆಗಲು ಕುಣಿಯುತ್ತಿತ್ತು.

ಮಾವ ಕಾಲ ಮೇಲೆ ಕಾಲು ಹಾಕಿ, "ಮೂಗೇನೋ ಚಲೋ ಬಂದೈತಿ," ಅಂದ. "ಅಂಜಿಕಿ ಮಾತ್ರ ಬಂದಿಲ್ಲ. ಮಾಗಾ ಒರಸಿ ಇಟ್ಟೇನಿ ನೋಡು."

ಆ ರಾತ್ರಿ ಊಟ ಸೇರಲಿಲ್ಲ ಅಂತ ಬರೆಯಬಹುದಿತ್ತು. ಸುಳ್ಳಾಗುತ್ತದೆ. ಮೋದಕ ಇದ್ದವು, ಚೆನ್ನಾಗಿಯೇ ತಿಂದೆ. ಆದರೆ ಹಾಸಿಗೆಯಲ್ಲಿ ಮಾಸ್ತರರ ಮಾತು ಮತ್ತೆ ಮತ್ತೆ ಕೇಳಿತು. ನಗಿಸುವವನ ಕೈಯಲ್ಲಿ ಭಯ ಹುಟ್ಟುತ್ತದೋ ಇಲ್ಲವೋ. ನಾನು ಗೋಡೆಯ ಕಡೆ ತಿರುಗಿ ಒಂದು ರಾಕ್ಷಸ ಮುಖ ಮಾಡಿದೆ. ಗೋಡೆಗೂ ಏನೂ ಅನ್ನಿಸಿದಂತೆ ಕಾಣಲಿಲ್ಲ.

ಮರುದಿನ ಊರಿಗೆ ವಾರದ ರಜೆ. ಅವತ್ತು ಮಗ್ಗಗಳಿಗೆ ಕರೆಂಟೇ ಇರುವುದಿಲ್ಲ, ದೇಖಾವೆಯೂ ಇಲ್ಲ. ಹಗಲಿಗೆ ಹಗಲೇ ಊರು ಸದ್ದಡಗಿ ಕೂರುತ್ತದೆ. ಮಾವನ ಮನೆಯಲ್ಲಿ ಅವನ ಮೊಮ್ಮಗಳು, ತೊಟ್ಟಿಲ ಕೂಸು, ಬೆಳಗಿನಿಂದ ಕಿರುಚುತ್ತಿತ್ತು.

"ಹಸಿದೈತೇನು ಅತ್ತೀ?"

"ಹಸಿವಿಲ್ಲ, ಏನಿಲ್ಲ. ರಜಾ ದಿನಾ ಹಿಂಗ. ಮಾಗದ ಸಪ್ಪಳದಾಗ ಹುಟ್ಟಿದ್ದ ಕೂಸು. ಸಪ್ಪಳ ಇಲ್ಲಂದ್ರ ಇದಕ್ಕ ನಿದ್ದಿ ಬರಾಂಗಿಲ್ಲ."

ಇದು ನನಗೆ ಕರೆದು ಕೊಟ್ಟ ಅವಕಾಶ. ತೊಟ್ಟಿಲ ಪಕ್ಕದಲ್ಲೇ ತಟ್ಟೆ ಇಟ್ಟುಕೊಂಡು ಕೂತು, ಬಾಯಲ್ಲಿ ಮಗ್ಗ ಶುರು ಮಾಡಿದೆ. ನಾಲಿಗೆಯಲ್ಲಿ ಖಟಕ್, ತುಟಿಯಲ್ಲಿ ಫಟಕ್, ಗಂಟಲಿನ ಅಡಿಯಲ್ಲಿ ಮೋಟಾರಿನ ಗುಂಯ್. ಕೂಸು ಅಳು ನಿಲ್ಲಿಸಿ ನನ್ನನ್ನು ನೋಡಿತು. ಕಣ್ಣು ಮುಚ್ಚಿತು. ಮಾವನ ಮುಖವೂ ಸಡಿಲಾಯಿತು. ರಜೆಯ ದಿನ ಅವನಿಗೂ ಕೈಕಾಲು ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಖಟಕ್-ಫಟಕ್ಕಿಗೆ ಸರಿಯಾಗಿ ರೊಟ್ಟಿ ಅಗಿಯುತ್ತ, ತಲೆ ಆಡಿಸುತ್ತ ಊಟ ಮಾಡತೊಡಗಿದ. ಅಡುಗೆಮನೆಯಿಂದ ಅತ್ತೆ ಅದೇ ತಾಳದಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಎಲ್ಲರೂ ಸುಖವಾಗಿದ್ದರು. ನಾನೊಬ್ಬನೇ ಉಪವಾಸ.

ಕೊನೆಗೆ ತಡೆಯಲಾರದೆ ಒಂದು ತುತ್ತು ಬಾಯಿಗಿಟ್ಟೆ. ಮಗ್ಗ ನಿಂತಿತು.

ಕೂಸು ಚಿಟ್ಟನೆ ಚೀರಿತು. ಅಡುಗೆಮನೆಯಲ್ಲಿ ಏನೋ ಕೆಳಗೆ ಬಿತ್ತು. ಮಾವ ರೊಟ್ಟಿ ಹಿಡಿದ ಕೈಯಲ್ಲೇ ನೆಟ್ಟಗೆ ಎದ್ದು, "ತಾರ ಹರೀತು!" ಎಂದು ಕೂಗಿ ಶೆಡ್ಡಿಗೆ ಓಡಿದ. ಅವನ ಕಣ್ಣನ್ನು ನಾನು ನೋಡಿದೆ. ತಾರ, ಅಂದರೆ ನೂಲಿನ ಎಳೆ, ಹರಿದು ಮಗ್ಗ ನಿಂತದ್ದಕ್ಕೆ ಅಷ್ಟು ದೊಡ್ಡ ಕಣ್ಣು ಆಗುವುದಿಲ್ಲ. ಅದು ಬೇರೆಯೇ ಏನೋ, ಅವನಿಗೆ ತಿಳಿಯುವ ಮೊದಲೇ ಮೈಗೆ ತಿಳಿದದ್ದು. ಅತ್ತೆ ಹಿಟ್ಟಿನ ಕೈಯಲ್ಲಿ ಬಾಗಿಲಿಗೆ ಬಂದು, "ಏನಾತು? ಯಾರಿಗೇನಾತು?" ಅನ್ನುತ್ತಿದ್ದಳು.

ಮಾವ ಶೆಡ್ಡಿನ ಬಾಗಿಲವರೆಗೆ ಹೋಗಿ, ಕರೆಂಟೇ ಇಲ್ಲದ ಮಗ್ಗಗಳನ್ನು ನೋಡಿ, ನಿಧಾನಕ್ಕೆ ವಾಪಸು ಬಂದ. ಕೂತ. ರೊಟ್ಟಿ ನೋಡಿದ. "ಪಲ್ಯಾದಾಗ ಉಪ್ಪ ಕಡಿಮಿ ಆಗೇತಿ," ಅಂದ.

ನನಗೆ ಬಾಯಲ್ಲಿದ್ದ ತುತ್ತನ್ನು ನುಂಗುವುದೂ ಮರೆತಿತ್ತು. ಈ ಊರಿನವರು ಸದ್ದಿಗೆ ಅಂಜುವವರಲ್ಲ. ಸದ್ದಿನೊಳಗೆ ಹುಟ್ಟಿ, ಸದ್ದಿನೊಳಗೆ ಉಂಡು, ಸದ್ದಿನೊಳಗೆ ಮಲಗುವವರು. ಮಗ್ಗ ಆಡುತ್ತಿದ್ದರೆ ಲೋಕ ನೆಟ್ಟಗಿದೆ. ತಾನಾಗಿ ನಿಂತರೆ? ನಾನೋ, ಇಷ್ಟು ದಿನ ರಾಕ್ಷಸನನ್ನು ಆರ್ಭಟಿಸಲು ಹಚ್ಚಿದ್ದೆ. ಆರ್ಭಟಕ್ಕೆ ಇವರು ಜೋಗುಳದ ಹಾಗೆ ತಲೆದೂಗಿದ್ದರು.

ಎದ್ದು ಮಂಟಪಕ್ಕೆ ಓಡಿದೆ. ಮೊದಲು ಕೋರೆಹಲ್ಲು ಕಿತ್ತೆ. ಬಾಯಿ ತೆರೆದ ಪ್ರಾಣಿ ತಾನೇನು ಮಾಡುತ್ತೇನೆಂದು ಮೊದಲೇ ಹೇಳಿಬಿಡುತ್ತದೆ. ಮುಚ್ಚಿದ ಬಾಯಿ ಏನನ್ನೂ ಹೇಳುವುದಿಲ್ಲ. ಬಾಯಿಯನ್ನು ಒಂದು ಗೆರೆ ಮಾಡಿ ಮುಚ್ಚಿದೆ. ಗಿರಗಿರ ಕೆಂಪು ಕಣ್ಣು ತೆಗೆದು ಕೊಲ್ಲಾಪುರದ ಹಾಲಿನ ಕಟ್ಟೆಯ ಎಮ್ಮೆಯ ಕಣ್ಣು ಬರೆದೆ. ಕಪ್ಪು, ಒದ್ದೆ, ಸಿಟ್ಟಿಲ್ಲದ್ದು. ಕುತ್ತಿಗೆಯನ್ನು ಮೋಟಾರಿನಿಂದ ಬಿಡಿಸಿ, ಕೈಯಿಂದ ಎಳೆಯುವ ಹಗ್ಗಕ್ಕೆ ಕಟ್ಟಿದೆ. ಜನ ಹೇಳಿದ್ದರಲ್ಲ, ಎಣ್ಣಿ ಹಾಕ್ರಿ ಅಂತ. ಜಾಬರನನ್ನು ಕರೆದು ಕುತ್ತಿಗೆಗೆ ಕಿರ್ ಅನ್ನುವ ಉಸಿರೂ ಉಳಿಯದಂತೆ ಎಣ್ಣೆ ಹಾಕಿಸಿದೆ. ಮೂಗನ್ನು ಮಾತ್ರ ಮುಟ್ಟಲಿಲ್ಲ. ಅದಕ್ಕಿಂತ ಚೆನ್ನಾಗಿ ಮಾಡುವುದು ನನ್ನಿಂದಾಗದ ಮಾತು.

ಅದರ ಮರುದಿನ ಸಂಜೆ ಜನ ಮೊದಲಿಗಿಂತ ಹೆಚ್ಚು ಬಂದಿದ್ದರು. ಮಾವನ ಮೂಗಿನ ಸುದ್ದಿ ಪಕ್ಕದ ಗಲ್ಲಿಗಳಿಗೂ ಹೋಗಿತ್ತು. ಆರತಿ ಮುಗಿಯಿತು. ಗಲ್ಲಿಯ ಮಗ್ಗಗಳು ಸುಮ್ಮನಾದವು. ಪರದೆ ಸರಿದಾಗ ಜನ ನಗಲು ಬಾಯಿ ಸಿದ್ಧ ಮಾಡಿಕೊಂಡೇ ಕೂತಿದ್ದರು.

ಖಟಕ್-ಫಟಕ್, ಖಟಕ್-ಫಟಕ್.

"ಇವತ್ತ ಚಲೋ ಆಡಾಕತ್ತೇತಿ ನೋಡ್ರಿ!"

"ಎಣ್ಣಿ ಬಿದ್ದೈತಿ ಅವಗ."

"ಹಲ್ಲ ಎಲ್ಲಿ ಹೋದ್ವೋ? ದಾತ್ ಪಡ್ಲೇ ಕಾಯ, ಬಿದ್ವೇನು?"

"ರಾತ್ರಿ ಎಮ್ಮಿ ಹಿಂಡಿ ಕಡದಾನ!"

ನಾನು ಆಡಿಸುತ್ತಲೇ ಇದ್ದೆ. ಅವಸರ ಮಾಡಲಿಲ್ಲ. ಹೊಕ್ಕುಳಿನ ತೂತಿನಿಂದ ಜನರ ತಲೆಗಳು ಕಾಣುತ್ತಿದ್ದವು. ಸ್ವಲ್ಪ ಹೊತ್ತಿಗೆ ಮಾತು ಕಡಿಮೆಯಾಗಿ, ತಲೆಗಳು ತಾಳಕ್ಕೆ ಸಣ್ಣಗೆ ಆಡತೊಡಗಿದವು. ಒಬ್ಬ ಆಕಳಿಸಿದ. ಹಿಂದೆ ಯಾರದೋ ತೊಡೆಯ ಮೇಲೆ ಮಗು ಮಲಗಿತು. ಮಾವನ ಬೆರಳು ಕುರ್ಚಿಯ ಕೈಯ ಮೇಲೆ ಖಟಕ್-ಫಟಕ್ ಬಡಿಯುತ್ತಿತ್ತು.

ಹಿಡಿಕೆ ಎಳೆದೆ. ಮಗ್ಗ ನಿಂತಿತು.

ಇಡೀ ಗಲ್ಲಿಯ ಕತ್ತು ಒಮ್ಮೆಗೇ ಎದ್ದಿತು. ಮಳೆ ನಿಂತ ಮೇಲೆ ಮಂಟಪದ ತಾಡಪತ್ರಿಯಿಂದ ಒಂದೊಂದೇ ಹನಿ ಬೀಳುವುದು ಕೇಳುತ್ತಿತ್ತು, ಯಾರದೋ ಬಳೆ ಕೇಳುತ್ತಿತ್ತು. ನಾನು ಹಗ್ಗವನ್ನು ಕೂದಲೆಳೆಯಷ್ಟು ಎಳೆದೆ. ಮೇಲೆ, ಯಾವ ಸದ್ದೂ ಇಲ್ಲದೆ, ರಾಕ್ಷಸನ ತಲೆ ತಿರುಗತೊಡಗಿತು. ಕೆಲಸ ನಡುವೆ ಬಿಟ್ಟು, ಯಾರೋ ಕರೆದರೇನೋ ಎಂಬಂತೆ ತಿರುಗಿತು. ಒಂದೊಂದು ಸಾಲನ್ನೂ ಎಮ್ಮೆಯ ಹಾಗೆ ಸುಮ್ಮನೆ ನೋಡಿತು. ನೀವು ಯಾಕೆ ಇದ್ದೀರಿ? ಕೊನೆಗೆ ಮುಂದಿನ ಸಾಲಿಗೆ ಬಂದು, ಮಾವನ ಮುಖದ ಎದುರು ನಿಂತಿತು. ಮೂಗಿಗೆ ಮೂಗು.

ಹೊಕ್ಕುಳಿನಿಂದ ಕುರ್ಚಿ ಕಾಣುತ್ತಿತ್ತು. ಕುರ್ಚಿಯಲ್ಲಿ ಮಾವ ಇರಲಿಲ್ಲ. ಹುಡುಕಿದೆ. ಅತ್ತೆಯ ಹಿಂದೆ, ಅವಳ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು, ಅವಳ ಹೆಗಲ ಮೇಲಿಂದ ಒಂದು ಎಡಕ್ಕೆ ಹೊರಳಿದ ಮೂಗು ಇಣುಕುತ್ತಿತ್ತು.

"ಅಯ್ಯಯ್ಯಪ್ಪಾ..." ಅಂದಿತು ಆ ಮೂಗು.

ಅಷ್ಟೇ ಸಾಕಾಯಿತು. ಗಲ್ಲಿಯ ತುಂಬ ಒಂದು ಚೀರು ಎದ್ದಿತು. ಹೆಂಗಸರು, ಗಂಡಸರು, ನಟ್ಟು ಬಿಗಿ ಮಾಡಿದ್ದ ಆ ಮಹಾಶಯ, ಎಲ್ಲರೂ. ನನಗೂ ಒಳಗೆ ರೋಮ ನಿಂತವು, ಯಾಕೆಂದರೆ ಅಷ್ಟೊಂದು ಜನ ಒಟ್ಟಿಗೆ ಚೀರಿದ್ದನ್ನು ನಾನೆಂದೂ ಕೇಳಿರಲಿಲ್ಲ. ಆಗ ದೀಪ ಗಣಪತಿಯ ಮೇಲೆ ಬಿತ್ತು, ನಾನು ಮಗ್ಗ ಶುರು ಮಾಡಿದೆ, ಖಟಕ್-ಫಟಕ್ಕಿನೊಂದಿಗೆ ರಾಕ್ಷಸ ಗಣಪತಿಗೆ ತಲೆ ಬಾಗಿಸಿದ. ಜನ ಉಸಿರು ಬಿಟ್ಟು ನಕ್ಕರು. ಆದರೆ ಇದು ಬೇರೆ ನಗು. ಅಂಜಿಕೆ ಇಳಿದ ಮೇಲೆ ಬರುವ, ಪಕ್ಕದವರ ತೋಳು ಹಿಡಿದುಕೊಂಡು ನಗುವ ನಗು. "ಪುನ್ಹಾ! ಪುನ್ಹಾ! ಮತ್ತೊಮ್ಮಿ ಆಗಲಿ!" ಎಂದು ಕೂಗಿದರು. ಮುಂದೇನಾಗುತ್ತದೆಂದು ಗೊತ್ತಿದ್ದೂ ಮತ್ತೊಮ್ಮೆ ಅಂಜಲು ಎಲ್ಲರೂ ನೆಟ್ಟಗೆ ಕೂತರು. ವಿಸರ್ಜನೆಯವರೆಗೆ ದಿನವೂ ಬಂದು ಅಂಜಿ ಹೋದರು.

ಅವತ್ತು ಮನೆಗೆ ಬಂದ ಕೂಡಲೇ ವಾದ ಶುರುವಾಯಿತು.

"ನಾ ಅಂಜಿಲ್ಲ," ಅಂದ ಮಾವ. "ಮಾಗ ನಿಂತಿತಲ್ಲ, ತಾರ ಹರೀತೇನಂತ ನೋಡಾಕ ಎದ್ನಿ."

"ನನ್ನ ಸೆರಗಿನ್ಯಾಗಿತ್ತೇನ್ರಿ ನಿಮ್ಮ ತಾರ?" ಅಂದಳು ಅತ್ತೆ.

"ನಿನಗ ಅಂಜಿಕಿ ಆದೀತಂತ ಹಿಡದಿದ್ನಿ."

"ಹಂಗಾರ ಮುಂದ ನಿಂತ ಹಿಡೀಬೇಕಾಗಿತ್ತು. ಹಿಂದ ಯಾಕ ನಿಂತ್ರಿ?" ಅತ್ತೆ ಸೆರಗು ಬಿಡಿಸಿ ತೋರಿಸಿದಳು. ಹಿಡಿದ ಮುಷ್ಟಿಯ ನೆರಿಗೆಗಳು ಇಸ್ತ್ರಿ ಹಾಕಿದ ಹಾಗೆ ಕೂತಿದ್ದವು. "ಇಷ್ಟ ವರ್ಷ ನಾ ಪ್ರಯತ್ನ ಮಾಡಿದ್ದ ಈ ಹುಡುಗ ಒಂದ ಸಂಜ್ಯಾಗ ಮಾಡಿ ತೋರ್ಸ್ಯಾನ. ಕೊಲ್ಲಾಪುರಕ್ಕ ಹೋಗ್ತಾನ ಅಂವ. ಮುಗೀತು ಮಾತು."

ಆ ಮನೆಯಲ್ಲಿ ಅತ್ತೆ ಮುಗೀತು ಅಂದರೆ ಮುಗಿದ ಹಾಗೆ.

ಗಣಪತಿಯನ್ನು ಕಳಿಸಿದ ಮರುದಿನ ಮಾವನೇ ಬಸ್ ಸ್ಟ್ಯಾಂಡಿಗೆ ಬಂದ. ನಾನು ಕಿಟಕಿಯ ಪಕ್ಕ ಕೂತ ಮೇಲೆ ಹತ್ತಿರ ಬಂದು ದನಿ ತಗ್ಗಿಸಿದ.

"ನಿಮ್ಮ ಮಾಸ್ತರಗ ಹೇಳು, ಒಬ್ಬಂವ ಅಂಜ್ಯಾನಂತ."

"ಹೂಂ, ಮಾವಾ."

"ಯಾರಂತ ಹೇಳಬ್ಯಾಡ ಮತ್ತ."

"ಮೂಗ ನೋಡಿದ್ರ ಅವರಿಗೆ ತಿಳೀತೈತಿ."

ಹೊಡೆಯಲು ಕೈ ಎತ್ತಿದವನು ಹಾಗೇ ಇಳಿಸಿ ನಕ್ಕ. ಕಂಡಕ್ಟರ್ ಟಿಕೆಟಿನ ಪೆಟ್ಟಿಗೆ ಹಿಡಿದು ಅಡ್ಡಡ್ಡ ಸರಿಯುತ್ತ ಬರುತ್ತಿದ್ದ. ಈ ನಡಿಗೆಯನ್ನು ಯಾವ ಪ್ರಾಣಿಗೆ ಕೊಡಬಹುದೆಂದು ನಾನು ಆ ಕಡೆ ತಿರುಗಿದೆ. ಕಿಟಕಿಯ ಹೊರಗೆ ಸಣ್ಣಗೆ, ಯಾರೋ ಮೊದಲ ಸಲ ಕಲಿಯುತ್ತಿರುವ ಹಾಗೆ, ಖಟಕ್-ಫಟಕ್ ಶುರುವಾಯಿತು. ಖಟಕ್-ಫಟಕ್, ಖಟಕ್-ಫಟಕ್. ಹುಟ್ಟಿದಾಗಿನಿಂದ ಯಾರ ನಕಲನ್ನೂ ಮಾಡದ ಮನುಷ್ಯ ಬಾಯಲ್ಲಿ ಮಗ್ಗ ಆಡಿಸುತ್ತಿದ್ದ. ತಾಳ ತಪ್ಪುತ್ತಿತ್ತು. ನನಗೆ ನಗು ಬರತೊಡಗಿತು.

ಮಗ್ಗ ನಿಂತಿತು.

ನಾನು ತಿರುಗಿದೆ. ಕಿಟಕಿಯ ತುಂಬ ಆ ಮೂಗು, ಮುಚ್ಚಿದ ಬಾಯಿ, ರೆಪ್ಪೆ ಹೊಡೆಯದ ಎಮ್ಮೆಯ ಕಣ್ಣು. ತಲೆ ನಿಧಾನಕ್ಕೆ, ಎಣ್ಣೆ ಹಾಕಿದ ಹಾಗೆ, ನನ್ನ ಕಡೆಗೆ ತಿರುಗುತ್ತಿತ್ತು. ನಾನು "ಅಯ್ಯಪ್ಪಾ!" ಎಂದು ಹಾರಿಬಿದ್ದು ತಲೆಯನ್ನು ಸಾಮಾನಿಡುವ ಕಂಬಿಗೆ ಧಡಕ್ಕನೆ ಹೊಡೆದುಕೊಂಡೆ. ಬಸ್ಸಿನವರೆಲ್ಲ ನಕ್ಕರು. ಮಾವ ಕೆಳಗೆ ನಿಂತು ಮೊಣಕಾಲಿಗೆ ಕೈ ಊರಿ ನಕ್ಕ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಬಸ್ಸು ಹೊರಟ ಮೇಲೂ ನಗುತ್ತ, ಹಿಂದೆ ಹಿಂದೆ ಬರುತ್ತ, ಗೇಟಿನವರೆಗೆ ಖಟಕ್-ಫಟಕ್ ಅನ್ನುತ್ತಲೇ ಇದ್ದ.

ಹಾತಕಣಂಗಲೆ ದಾಟುವ ತನಕ ನೆತ್ತಿ ಉಜ್ಜಿಕೊಳ್ಳುತ್ತ ಕೂತೆ. ಆಮೇಲೆ ಚೀಲದಿಂದ ಕಾಗದ ತೆಗೆದು, ಗುಹೆಯೊಳಗಿನ ಆ ಪ್ರಾಣಿಯನ್ನು ಮೊದಲಿನಿಂದ ಬರೆಯಲಿಕ್ಕೆ ಶುರು ಮಾಡಿದೆ. ಬಸ್ಸು ಕುಣಿಯುತ್ತಿತ್ತು, ಗೆರೆ ನಡುಗುತ್ತಿತ್ತು. ನಡುಗಲಿ ಬಿಡು ಅಂದುಕೊಂಡೆ. ಮೊದಲು ಮೂಗು ಬರೆದೆ.